ಅರ್ಧ ಇಂಚು ಇಳಿಯಿತು

ಮಾರ್ಚ್ ೧೪, ಗುರುವಾರ.

ಸಂಜೆ ಟೇಪು ತೆಗೆದುಕೊಂಡು ಪಾದದ ಗಂಟಿನ ಸುತ್ತ ಅಳೆದೆ. ಹತ್ತೂವರೆ ಇಂಚಿದ್ದ ಊತ ಹತ್ತಕ್ಕೆ ಇಳಿದಿದೆ! ಕಂಡವರ ಸೊಂಟ, ತೋಳು ಅಳೆಯುವುದರಲ್ಲೇ ನಲವತ್ತು ವರ್ಷ ಕಳೆದೆ, ನನ್ನ ಕಾಲಿಗೆ ಟೇಪು ಸುತ್ತಿದ್ದು ಈ ವಾರವೇ ಮೊದಲು.

ಅಣ್ಣನಿಗೂ ಹೀಗೇ ಕಾಲು ಊದಿ, ಆಮೇಲೆ ಕಿಡ್ನಿ ಹೋಗಿತ್ತಲ್ಲ, ಅದೇ ಹೆದರಿಕೆ ನನಗೆ. ಯಾರಿಗೂ ಹೇಳದೆ ನೀರು ಕುಡಿಯುವುದನ್ನೇ ಬಿಟ್ಟಿದ್ದೆ. ಸೊಸೆಗೆ ಗೊತ್ತಾಗಿ ಬೈದಳು: “ಅತ್ತೆ, ನಿಮ್ಮ ಕಾಲೇನು ಬಿಂದಿಗೆಯಾ, ಕುಡಿದದ್ದೆಲ್ಲ ಹೋಗಿ ತುಂಬಿಕೊಳ್ಳೋಕೆ?” ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಹೋದಳು.

ಅವರು ರಕ್ತ, ಮೂತ್ರ, ಎದೆ ಎಲ್ಲ ನೋಡಿ, ಕಿಡ್ನಿ ಚೆನ್ನಾಗಿದೆ, ನೀರು ಕುಡಿಯೋದು ಬಿಡಬೇಡಿ ಅಂದರು. ಹೊಸ ಬಿಪಿ ಮಾತ್ರೆಯದೇ ಕಿತಾಪತಿಯಂತೆ. ದಿನವಿಡೀ ಕಾಲು ಇಳಿಬಿಟ್ಟು ಹೊಲಿಯುವುದೂ ಅದಕ್ಕೆ ಸೇರಿಕೊಂಡಿದೆ. ಮಾತ್ರೆ ಬದಲಿಸಿಕೊಟ್ಟು, ಉಪ್ಪು ಕಡಿಮೆ ಮಾಡಿಸಿ ಇವತ್ತಿಗೆ ಐದು ದಿನ.

“ಮಿಷನ್ನು ಬಿಡಬೇಕಾ?” ಅಂತ ಕೇಳುವಾಗ ಜೀವ ಬಾಯಿಗೆ ಬಂದಿತ್ತು.

“ಯಾಕಮ್ಮಾ ಬಿಡ್ತೀರಿ? ಅರ್ಧ ಗಂಟೆಗೊಂದು ಸಲ ಎದ್ದು ಓಡಾಡಿ, ಸಾಕು.”

ಈಗ ಎರಡು ಕಾಲೂ ದಿಂಬಿನ ಮೇಲೆ ಮಹಾರಾಣಿಯರಂತೆ ಮಲಗಿವೆ. ಪಕ್ಕದಲ್ಲಿ ನೀರಿನ ಚೊಂಬು. ನಾಳೆ ಅರ್ಧ ಹೊಲಿದಿಟ್ಟ ನೀಲಿ ಅಂಗಿಗೆ ಕಾಲರ್ ಕೂರಿಸಬೇಕು, ಆಮೇಲೆ ಬೀದಿಯ ತುದಿವರೆಗೆ ಒಂದು ಸುತ್ತು, ಬಂದು ತೋಳು, ಮತ್ತೆ ಇನ್ನೊಂದು ಸುತ್ತು, ಆಮೇಲೆ...