ಹಿಟ್ಟಿನ ಅಂಟು

ಹದಿನೇಳನೇ ತಾರೀಖು, ಬುಧವಾರ
ಮಧ್ಯಾಹ್ನ, ಊಟವಾದ ಮೇಲೆ

ನನ್ನ ಗುಬ್ಬಿಗೆ,

ದೊಡ್ಡಪ್ಪನ ಆಶೀರ್ವಾದ. ನಾನೂ ನಿನ್ನ ದೊಡ್ಡಮ್ಮನೂ ಚೆನ್ನಾಗಿದ್ದೇವೆ. ಅವಳ ಮೊಣಕಾಲು ಮಾತ್ರ ಚೆನ್ನಾಗಿಲ್ಲ, ಆದರೆ ಅದನ್ನು ಫೋನಿನಲ್ಲಿ ಅವಳೇ ನಿನಗೆ ಸವಿಸ್ತಾರವಾಗಿ ಹೇಳಿರುತ್ತಾಳೆ. ನಿನ್ನ ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು ತಿಳಿದು ನೆಮ್ಮದಿಯಾಯಿತು.

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಪೆನ್ನಿಗೆ ಮುಚ್ಚಳ ಹಾಕಿ ಎದ್ದೆ. "ಏನ್ರೀ ಅದು, ಮಗೂಗೆ ಕಾಗದ ಬರೀತಿದ್ದೀರೋ ಇಲ್ಲಾ ಆಸ್ತಿ ಪತ್ರ ಬರೀತಿದ್ದೀರೋ?" ಎಂದು ದೊಡ್ಡಮ್ಮ ಛೇಡಿಸಿದಳು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬೇಜಾರಿಗೆ ಬೇರೆ ಕಾರಣ ಈ ಕಾಗದದಲ್ಲಿದೆ.

ಸಿನಿಮಾ ಪರಿಶೀಲನೆಯ ಕಚೇರಿಯಲ್ಲಿ ಕೆಲಸ ಸಿಕ್ಕಿದೆ, ಬಿಡುಗಡೆಗೆ ಮೊದಲು ಚಿತ್ರ ನೋಡಿ ಎಲ್ಲೆಲ್ಲಿ ಕತ್ತರಿ ಹಾಕಬೇಕೆಂದು ಗುರುತು ಮಾಡುವ ಕೆಲಸ, ಈ ಬರುವ ಒಂದನೇ ತಾರೀಖಿನೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದು ಬರೆದಿದ್ದೀಯ. ನೀನಿದ್ದರೆ ಕತ್ತರಿ ಒಂದಿಷ್ಟಾದರೂ ಕಡಿಮೆ ಬೀಳುತ್ತದೆ ಎಂಬ ಆಸೆ ನಿನ್ನದು. ಆದರೆ ಹೂಂ ಅನ್ನುವ ಮೊದಲು ಇಲ್ಲಿಗೆ ಬಂದು, ನಿನ್ನ ಅಪ್ಪನ ಪುಸ್ತಕದ ನಲವತ್ತೊಂದನೇ ಪುಟಕ್ಕೆ ನಾನು ಅಂಟಿಸಿದ್ದ ಕಾಗದದ ಪಟ್ಟಿಯನ್ನು ನನ್ನ ಕೈಯಲ್ಲೇ ಬಿಡಿಸಿ ಓದಬೇಕು ಅಂದಿದ್ದೀಯ. "ಅಪ್ಪ ಏನು ಬರೆದರು ಅಂತ ಗೊತ್ತಿಲ್ಲದೆ ನಾನು ಆ ಕುರ್ಚಿಯಲ್ಲಿ ಹೇಗೆ ಕೂರಲಿ ದೊಡ್ಡಪ್ಪ?" ಅದರ ಕೆಳಗೇ ಇನ್ನೊಂದು ಪ್ರಶ್ನೆ: "ನಿಮಗೆ ಎಲ್ಲರ ಸಾಲೂ ಬಾಯಿಗೆ ಬರುತ್ತೆ. ಅಪ್ಪನದನ್ನು ಮಾತ್ರ ಯಾಕೆ ಒಂದು ದಿನವೂ ಹೇಳಲಿಲ್ಲ?" ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ಕೆಲಸ ಹೇಗಿತ್ತೆಂದು ನಿನಗೆ ಅಷ್ಟಿಷ್ಟು ಗೊತ್ತು. ಪೂರ್ತಿ ಹೇಳುತ್ತೇನೆ. ಗ್ರಂಥಾಲಯದ ಹಿಂಬದಿಯ ಬೈಂಡಿಂಗ್ ಕೋಣೆ. ಒಂದು ಒತ್ತುಯಂತ್ರ, ಎರಡು ಮೇಜು, ಉತ್ತರಕ್ಕೊಂದು ಕಿಟಕಿ. ತಿಂಗಳಿಗೊಮ್ಮೆ ಸರ್ಕಾರದ ಮೇಲಿನವರಿಂದ ನಿಷೇಧದ ಪಟ್ಟಿ ಬರುತ್ತಿತ್ತು: ಪುಸ್ತಕದ ಹೆಸರು, ಪುಟ, ಎಷ್ಟನೇ ಸಾಲಿನಿಂದ ಎಷ್ಟನೇ ಸಾಲಿನವರೆಗೆ. ಅಂಗಡಿಯ ಪ್ರತಿಗಳನ್ನು ವಾಪಸು ತರಿಸಿ ಅರೆದುಹಾಕುತ್ತಿದ್ದರು. ಗ್ರಂಥಾಲಯದ ಒಂದು ಪ್ರತಿಯಲ್ಲಿ ಮಾತ್ರ ಆ ಸಾಲುಗಳನ್ನು ಮುಚ್ಚಿ ಕಬ್ಬಿಣದ ಬೀರುವಿನಲ್ಲಿಡಬೇಕು. ನಮಗೊಂದು ರಟ್ಟು ಕೊಟ್ಟಿದ್ದರು, ನಡುವೆ ಸಾಲಿನಗಲದ ಸೀಳು. ಅದನ್ನು ಪುಟದ ಅಂಚಿಗಿಟ್ಟು ಸಾಲು ಎಣಿಸಬೇಕು, ಅಕ್ಷರ ಓದಕೂಡದು. ನಮ್ಮ ಮೇಲ್ವಿಚಾರಕರಿಗೆ ನಾವು ಇಟ್ಟ ಹೆಸರು ನಶ್ಯದ ಸಾಹೇಬರು. ಅವರು ಹೇಳುತ್ತಿದ್ದರು, "ನಿನಗೆ ಮೂರನೇ ಕ್ಲಾಸು ಅಂತಾನೇ ಕೆಲಸ ಕೊಟ್ಟಿದ್ದು ಕಣಯ್ಯ. ಓದೋರಿಗೆ ಈ ಕೆಲಸ ಆಗಲ್ಲ."

ನಾನು ಓದಲು ಕಲಿತದ್ದೇ ಆ ಸೀಳಿನಲ್ಲಿ. ಮೊದಮೊದಲು ಅಕ್ಷರ ಕೂಡಿಸಿ, ಆಮೇಲೆ ಪದ, ಆಮೇಲೆ ಓದಕೂಡದೆಂದು ಅಪ್ಪಣೆಯಾದ ಇಡೀ ವಾಕ್ಯ. ಕೋಳಿ ಸಾಕಣೆಯ ಪುಸ್ತಕವೊಂದು ಬಂದಿತ್ತು, ಇಪ್ಪತ್ತಾರನೇ ಪುಟ: "ಕೂಗು ಜೋರಾಗಿದೆಯೆಂದು ಹುಂಜವನ್ನು ಕೊಳ್ಳಬೇಡಿ. ಬಹಳ ಕೂಗುವ ಹುಂಜ ಬಹಳ ತಿನ್ನುತ್ತದೆ, ಅಷ್ಟೇ." ಮೇಲಿನವರಲ್ಲಿ ಯಾರೋ ಅದು ತಮ್ಮನ್ನೇ ಕುರಿತದ್ದು ಅಂದುಕೊಂಡಿರಬೇಕು. ನಾನೂ ನಿನ್ನ ದೊಡ್ಡಮ್ಮನೂ ಒಂದು ವಾರ ನಕ್ಕೆವು. ಹಾಗೆ ನಾನೂರಕ್ಕೂ ಹೆಚ್ಚು ವಾಕ್ಯಗಳು ನನಗೆ ಬಾಯಿಪಾಠ. ನೀನು ಚಿಕ್ಕವಳಿದ್ದಾಗ ಕತೆ ಹೇಳು ಅಂದರೆ ಅವನ್ನೇ ಹೇಳುತ್ತಿದ್ದೆ, ನೆನಪಿದೆಯಾ?

ಮಸಿ ಬಳಿದರೆ ಸಾಲು ಸತ್ತೇಹೋಗುತ್ತದೆ. ಅದಕ್ಕೇ ನಾನು ಸಾಹೇಬರ ತಲೆ ತಿಂದು ಕಾಗದದ ಪಟ್ಟಿ ಅಂಟಿಸಲು ಒಪ್ಪಿಸಿದೆ. "ಮಸಿ ಹಿಂದಿನ ಪುಟಕ್ಕೆ ಇಳಿಯುತ್ತೆ ಸಾರ್" ಅಂದೆ. ಅದು ನಿಜವೂ ಹೌದು. ಕಚೇರಿಯ ಗೋಂದು ಒಮ್ಮೆ ಹಿಡಿದರೆ ಬಿಡದು. ಅದನ್ನು ಬದಿಗಿಟ್ಟು ಮನೆಯಿಂದ ಮೈದಾ ಅಂಟು ಒಯ್ಯುತ್ತಿದ್ದೆ. ನಿನ್ನ ದೊಡ್ಡಮ್ಮ ಸಣ್ಣ ಉರಿಯಲ್ಲಿ ತಿರುವಿ ತಿರುವಿ ಕಾಯಿಸಿಕೊಡುತ್ತಿದ್ದಳು. ಅದಕ್ಕೊಂದು ಚಿಟಿಕೆ ಮೈಲುತುತ್ತ. ಮೈಲುತುತ್ತ ವಿಷ, ಅದಿದ್ದರೆ ಹುಳ ಹತ್ತಿರ ಬರುವುದಿಲ್ಲ. ಮುಂದೆ ಯಾವತ್ತಾದರೂ ಒದ್ದೆ ಕಾಗದವಿಟ್ಟು ಕಾಲು ಗಂಟೆ ಕಾದರೆ ಪಟ್ಟಿ ಸಲೀಸಾಗಿ ಏಳುತ್ತದೆ, ಕೆಳಗಿನ ಅಕ್ಷರ ಹಾಗೇ ಇರುತ್ತದೆ. ಇದು ನನ್ನ ಗುಟ್ಟು, ನನ್ನ ಹೆಮ್ಮೆ. ಮುಚ್ಚುವವನಾಗಿದ್ದೂ ನಾನು ಕಾಯುವವನು ಅಂದುಕೊಂಡು ನಿಶ್ಚಿಂತೆಯಿಂದ ಉಣ್ಣುತ್ತಿದ್ದೆ.

ನಿನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡ ನಿನ್ನ ಅಪ್ಪ ನೀರು ಸರಬರಾಜಿನ ಕಚೇರಿಯಲ್ಲಿ ಮೀಟರು ನೋಡುವವನು. ಮನೆಮನೆಗೆ ಹೋಗಿ ಮೀಟರಿನ ಅಂಕಿ ಬರೆದುಕೊಳ್ಳುತ್ತ, ಮನೆಗಳೊಳಗೆ ಕಂಡದ್ದನ್ನೂ ಬರೆದುಕೊಳ್ಳುತ್ತಿದ್ದ. ಅದೇ ಆ ಪುಸ್ತಕ. ಅದು ನಿಷೇಧದ ಪಟ್ಟಿಗೆ ಬಂದಾಗ ನೀನು ಹೊಟ್ಟೆಯಲ್ಲಿದ್ದೆ. ಅವನ ಕರಡು ನೋಟುಪುಸ್ತಕಗಳನ್ನು ಮೇಲಿನವರು ಕೊಂಡೊಯ್ದರು. ಮನೆಯಲ್ಲಿದ್ದ ಪ್ರತಿಗಳನ್ನು ನಿನ್ನ ಅಮ್ಮ ಒಲೆಗೆ ಹಾಕಿದಳು. ಅವಳನ್ನು ದೂರಬೇಡ, ಅವತ್ತಿನ ಹೆದರಿಕೆ ನಿನಗೆ ಗೊತ್ತಿಲ್ಲ. ಉಳಿದದ್ದು ನನ್ನ ಮೇಜಿನ ಮೇಲಿದ್ದದ್ದು ಒಂದೇ. ನಲವತ್ತೊಂದನೇ ಪುಟ, ನಾಲ್ಕರಿಂದ ಹದಿನಾಲ್ಕನೇ ಸಾಲು.

ಮೈಲುತುತ್ತ ಹೆಚ್ಚಾದರೆ ಕಾಗದ ಹಸಿರುಗಟ್ಟುತ್ತದೆ. ತಮ್ಮನ ಅಕ್ಷರಕ್ಕೆ ಅಷ್ಟೂ ಕಲೆ ತಾಗಬಾರದು ಎಂದು ಅವತ್ತು ನಿನ್ನ ದೊಡ್ಡಮ್ಮನಿಗೆ "ಇವತ್ತು ಅದು ಬೇಡ, ಬರೀ ಹಿಟ್ಟು ಸಾಕು" ಅಂದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅದೊಂದೇ ಸಲ.

ಈ ವರ್ಷ ಹಳೆಯ ನಿಷೇಧದ ಪಟ್ಟಿಗಳನ್ನೆಲ್ಲ ರದ್ದು ಮಾಡಿ ಬೀರುವಿನ ಬೀಗ ತೆಗೆದರು. ನಿನ್ನ ಕಾಗದ ಬಂದ ಮೂರನೇ ದಿನ, ನೀನು ಬರುವವರೆಗೆ ತಡೆಯಲಾರದೆ, ನಾನೊಬ್ಬನೇ ಹೋದೆ. ಈಗಿನ ಗ್ರಂಥಪಾಲಕಿ ನಗುನಗುತ್ತ ಮಾತಾಡುವ ಹುಡುಗಿ. "ಅಜ್ಜಾ, ಅಂಟಿಸಿದವರೇ ಬಂದು ಬಿಡಿಸೋದಾ! ಇಂಥ ಸರ್ವಿಸ್ ಎಲ್ಲೂ ಸಿಗಲ್ಲ ಬಿಡಿ" ಅಂದಳು. ಕೈ ಪಳಗಲಿ ಎಂದು ಮೊದಲು ಕೋಳಿ ಪುಸ್ತಕ ತೆಗೆದುಕೊಂಡೆ. ಒದ್ದೆ ಕಾಗದವಿಟ್ಟೆ, ಕಾದೆ, ತುದಿ ಹಿಡಿದು ಎತ್ತಿದೆ. ಹುಂಜ ಎದ್ದು ಕೂತಿತು! ಒಂದಕ್ಷರ ಮಾಸಿರಲಿಲ್ಲ. ಆ ಹುಡುಗಿ ಚಪ್ಪಾಳೆ ತಟ್ಟಿದಳು. ನನಗೂ ತಲೆ ತಿರುಗಿತು ಅನ್ನು.

ನಿನ್ನ ಅಪ್ಪನ ಪುಸ್ತಕಕ್ಕೆ ನೀರು ಬೇಕಾಗಲಿಲ್ಲ. ಪುಟ ತೆರೆದೊಡನೆ ಪಟ್ಟಿ ತಾನಾಗಿ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಹಿಂದೆಯೇ ಎರಡು ಬೆಳ್ಳಿ ಬಣ್ಣದ ಹುಳ ಓಡಿದವು. ಹಿಟ್ಟು ತಿನ್ನಲು ಬಂದವು ಹಿಟ್ಟಿನ ಜೊತೆ ಕಾಗದವನ್ನೂ ತಿಂದಿದ್ದವು. ನಾಲ್ಕರಿಂದ ಹದಿನಾಲ್ಕರವರೆಗೆ ಪುಟವೇ ಇಲ್ಲ. ಸುತ್ತಲಿನ ಸಾಲುಗಳು ನೆಟ್ಟಗಿವೆ, ನಡುವೆ ಅಚ್ಚುಕಟ್ಟಾದ ಕಿಟಕಿ. ಅದರಾಚೆ ನಲವತ್ತಮೂರನೇ ಪುಟ ಕಾಣುತ್ತದೆ, ಅಲ್ಲಿ ಯಾವುದೋ ಮನೆಯ ಸೋರುವ ನಲ್ಲಿಯ ವಿಷಯ. ಕಿಟಕಿಯ ಎಡ ಅಂಚಿನಲ್ಲಿ "ಬಾಗಿಲು ತೆಗೆದವಳು" ಎಂಬುದು ಉಳಿದಿದೆ. ಬಲ ಅಂಚಿನಲ್ಲಿ, ಕೆಳಗೆ, "ನನಗೂ ಗೊತ್ತಿತ್ತು." ನಡುವಿನದು ಇಲ್ಲ.

ಗ್ರಂಥಪಾಲಕಿ ನನಗೊಂದು ಲೋಟ ನೀರು ತಂದಿಟ್ಟಳು. ನಾನು ಪುಟವನ್ನು ರಿಪೇರಿ ಮಾಡಲಿಲ್ಲ. ಹಿಂದೆ ಕಾಗದ ಕೊಟ್ಟು ತೂತು ಮುಚ್ಚುವುದು ನನಗೆ ಹತ್ತು ನಿಮಿಷದ ಕೆಲಸ. ಆದರೆ ಅಲ್ಲಿ ಇನ್ನೊಂದು ಪಟ್ಟಿ ಅಂಟಿಸಲು ಕೈ ಏಳಲಿಲ್ಲ.

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಒಲೆಯ ಕಡೆ ನೋಡುತ್ತ ನಿಂತಳು. "ಕಾಯಿಸಿಕೊಟ್ಟಿದ್ದು ನಾನೇ ಅಲ್ವಾ" ಅಂದಳು. "ನೀನು ಕಾಯಿಸಿದೆ, ಬೇಡ ಅಂದವನು ನಾನು" ಅಂದೆ. ಅವತ್ತು ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಇನ್ನು ನಿನ್ನ ಕೆಲಸದ ವಿಷಯ. ಹೋಗು ಅನ್ನಲಾರೆ, ಬೇಡ ಅನ್ನುವ ಮುಖ ನನಗಿಲ್ಲ. ಹೋದರೆ ಇದೊಂದು ಮಾತು ಕೇಳು. "ಪೂರ್ತಿ ಯಾಕೆ ನೋಡ್ತೀರಿ ಮೇಡಂ, ಗುರುತು ಹಾಕಿರೋ ಭಾಗ ಮಾತ್ರ ನೋಡಿ ಸಹಿ ಹಾಕಿ" ಎಂದು ಅಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ನಮಗೆ ರಟ್ಟು ಕೊಟ್ಟ ಹಾಗೆ ಅದು. ಆ ಅನುಕೂಲ ತೆಗೆದುಕೊಳ್ಳಬೇಡ. ಕತ್ತರಿಗೆ ಕೊಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡು, ಬೇಕಾದರೆ ಕೂತು ಅಳು, ಆದರೆ ನೋಡು. ಯಾಕೆ ಇಷ್ಟು ಹೇಳುತ್ತೇನೆ ಅಂತ ಕೆಳಗೆ ತಿಳಿಯುತ್ತದೆ.

ಬಾ ಮಗಳೇ. ಕಿಟಕಿಯಾದರೂ ನೋಡುವೆಯಂತೆ. ದೊಡ್ಡಮ್ಮ ನಿನಗೆ ಹೊಸ ಹೊದಿಕೆ ಹೊಲಿದಿಟ್ಟಿದ್ದಾಳೆ. ಅಮ್ಮನಿಗೆ ಕಣ್ಣಿಗೆ ಧೂಳು ತಾಗಿಸಿಕೊಳ್ಳಬೇಡ ಅಂತ ಹೇಳು. ಎಲ್ಲಿ ಕೂತರೂ ನಿನ್ನ ಬೆನ್ನು ನೆಟ್ಟಗಿರಲಿ, ಹೊತ್ತಿಗೆ ಸರಿಯಾಗಿ ಹಸಿವೆ ನಿದ್ದೆ ಬರಲಿ. ನಿನಗೆ ಇಷ್ಟನ್ನೇ ಹರಸುತ್ತೇನೆ.

ನಿನ್ನ
ದೊಡ್ಡಪ್ಪ

ಮರೆತಿದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಅಪ್ಪನ ಸಾಲು ಯಾಕೆ ಹೇಳಲಿಲ್ಲ ಅಂದೆಯಲ್ಲ. ಸಮಯ ಬಂದಾಗ ನೀನೇ ಓದುತ್ತೀಯ ಎಂದು ಚಿಕ್ಕಂದಿನಿಂದ ನಿನಗೆ ಸಬೂಬು ಹೇಳಿದೆ. ನಾನು ಅದನ್ನು ಓದಲೇ ಇಲ್ಲ ಗುಬ್ಬಿ. ಬೇರೆಯವರ ನಾನೂರು ವಾಕ್ಯ ಕದ್ದು ಓದಿದವನು ಅವತ್ತು ರಟ್ಟಿಟ್ಟು ಹನ್ನೊಂದು ಸಾಲು ಎಣಿಸಿ, ಕಣ್ಣು ಕಿಟಕಿಯ ಕಡೆಗಿಟ್ಟು ಅಂಟಿಸಿದೆ. ನಾಳೆ ಯಾರಾದರೂ ಕರೆದು ಕೇಳಿದರೆ "ನನ್ನ ತಮ್ಮ ಏನು ಬರೆದಿದ್ದಾನೋ ನನಗೆ ಗೊತ್ತಿಲ್ಲ ಸಾರ್" ಎಂದು ಸುಳ್ಳಿಲ್ಲದೆ ಹೇಳಬೇಕಿತ್ತು. ಯಾರೂ ಕರೆಯಲಿಲ್ಲ, ಯಾರೂ ಕೇಳಲಿಲ್ಲ. ಕೇಳಿದವನು ನಿನ್ನ ಅಪ್ಪ ಒಬ್ಬನೇ. ಮರುದಿನ ಮಧ್ಯಾಹ್ನ ಮೀಟರಿನ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. ಕೈಯಲ್ಲಿ ಮಡಿಚಿದ ಖಾಲಿ ಹಾಳೆ ಇತ್ತು. "ಅಣ್ಣಾ, ಓದಿದ್ಯಾ?" ಅಂದ. "ಓದಿದೆ ಕಣೋ, ಚೆನ್ನಾಗಿದೆ" ಅಂದೆ. ಅವನ ಮುಖ ಅರಳಿತು. ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟ. "ಮರೆಯೋಕೆ ಮುಂಚೆ ಇನ್ನೊಂದ್ಸಲ ಬರೆದು ನಿನ್ನ ಹತ್ರ ಇಡೋಣ ಅಂತ ಬಂದೆ. ನೀನು ಓದಿದ್ದೀಯಲ್ಲ, ಇನ್ಯಾಕೆ ಬಿಡು. ನಿನಗೆ ಒಂದ್ಸಲ ಓದಿದ್ರೆ ಸಾಕು, ಜನ್ಮಪೂರ್ತಿ ನೆನಪಿರುತ್ತೆ."