ಕಡಲೆ ಹೊಲದಲ್ಲಿ ಚೆಲ್ಲಿದ ಚರಗ

ಸನತ್‌ನಗರ, ಹೈದರಾಬಾದ್
೩ ಜನವರಿ ೨೦೨೫, ಶುಕ್ರವಾರ

ಪೂಜ್ಯ ಮಾವನವರಿಗೆ, ತಮ್ಮ ಏಕಮಾತ್ರ ಸೊಸೆಯೂ ಸದ್ಯದ ಮಟ್ಟಿಗೆ ಆರೋಪಿಯೂ ಆದ ಸಂಪದಾ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮೊದಲು ಎಡ ಮೊಳಕಾಲಿನ ಆಪರೇಷನ್ನಿನ ವಿಚಾರ. ಹೊಲಿಗೆ ತೆಗೆದರಂತೆ, ಗಾಯ ಒಣಗಿದೆಯಂತೆ, ಬಾವು ಇಳಿದಿದೆಯಂತೆ. ಇದೆಲ್ಲ ವರ್ಷಾ ಅಕ್ಕ ಫೋನಿನಲ್ಲಿ ಹೇಳಿದ್ದು. ಪುಣೆಯ ಚಳಿಗೆ ಅತ್ತೆ ನಿಮಗೆ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಾರೆಯೇ? ನಿದ್ದೆ ಬರುತ್ತಿದೆಯೇ? ಮಗಳ ಮನೆಯ ಊಟ ಸೇರುತ್ತಿದೆಯೇ? ಇವು ಕಾಗದದ ಮರ್ಯಾದೆಗೆ ಕೇಳಿದ ಪ್ರಶ್ನೆಗಳಲ್ಲ, ಉತ್ತರ ಬೇಕು. ಇನ್ನೊಂದು ಸುದ್ದಿಯೂ ಬಂದಿದೆ. ನಡೆಯುವ ಅಭ್ಯಾಸ ಮಾಡಿಸಲು ಬರುವ ಹುಡುಗಿಯನ್ನು ನೀವು ಕುರ್ಚಿಯಿಂದ ಏಳದೆಯೇ ಸಂದರ್ಶನ ಮಾಡಿ, ಎಲ್ಲಿ ಓದಿದೆ, ಈವರೆಗೆ ಎಷ್ಟು ಮೊಳಕಾಲು ನೋಡಿದ್ದೀ ಎಂದೆಲ್ಲ ವಿಚಾರಿಸಿ, ಚಹಾ ಕುಡಿಸಿ ವಾಪಸು ಕಳಿಸುತ್ತೀರಂತೆ. ಮೂವತ್ತೈದು ವರ್ಷ ರಕ್ಷಣಾ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿದವರು ಹೀಗೆ ನಡೆದುಕೊಳ್ಳುವುದು ಸಹಜ. ಆದರೆ ಆ ಹುಡುಗಿ ಬಿಡಿಭಾಗವಲ್ಲ.

ಮುಂದಿನ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಮೊದಲ ವಾಕ್ಯಕ್ಕೇ ‘ಸಾಕ ಬಿಡವಾ’ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ, ಕೊನೆಗೇನಿದೆ ಎಂಬ ಕುತೂಹಲ ನಿಮಗೆ ನನಗಿಂತ ಹೆಚ್ಚು. ಆದ್ದರಿಂದ ಲಿಖಿತ ತಪ್ಪೊಪ್ಪಿಗೆ. ಡಿಸೆಂಬರ್ ಇಪ್ಪತ್ತೆಂಟರಿಂದ ಮೂವತ್ತೊಂದರವರೆಗೆ ಪ್ರತಿ ಬೆಳಿಗ್ಗೆ ಎಂಟಕ್ಕೆ, ನಿಮ್ಮ ಆಜ್ಞೆಯಂತೆ, ನಿಮ್ಮ ಜೀಪಿನ ಫೋಟೋ ನಿಮ್ಮ ಫೋನಿಗೆ ಬಂದಿದೆ. ನೀಲಿ ತಾಡಪತ್ರಿ ಹೊದ್ದು, ಹಗ್ಗ ಬಿಗಿಸಿಕೊಂಡು ಶೆಡ್ಡಿನಲ್ಲಿ ನಿಂತ ಜೀಪು. ಎರಡನೆಯ ದಿನ ನೀವು ‘ಹಗ್ಗ ಛಲೋ ಕಟ್ಟೀರಿ’ ಎಂದು ಮೆಚ್ಚುಗೆಯನ್ನೂ ಕಳಿಸಿದ್ದಿರಿ. ಮಾವನವರೇ, ಆ ತಾಡಪತ್ರಿಯ ಕೆಳಗೆ ಇದ್ದದ್ದು ಎರಡು ನೀರಿನ ಡ್ರಮ್ಮು, ಬಟ್ಟೆ ಒಣಹಾಕುವ ಒಂದು ಸ್ಟ್ಯಾಂಡು, ಮತ್ತು ಬಾನೆಟ್ಟಿನ ಸ್ಥಾನದಲ್ಲಿ ಅತ್ತೆಯ ಹಳೆಯ ಟ್ರಂಕು. ನಾನು ಬಿಟ್ಟುಹೋದ ಫೋನಿನಿಂದ ಫೋಟೋ ತೆಗೆದು ಕಳಿಸಿದವರು ಪಕ್ಕದ ಮನೆಯ ರಾಮಕೃಷ್ಣರಾಯರು, ಅಂದರೆ ಇಪ್ಪತ್ತು ವರ್ಷಗಳಿಂದ ನಿಮ್ಮೊಡನೆ ಚದುರಂಗ ಆಡಿ ಸೋಲುತ್ತಿರುವ ನಿಮ್ಮ ಪರಮಮಿತ್ರರು. ಭಾಳ ಸಂತೋಷದಿಂದ ಮಾಡಿದರು. ಆ ಹೊತ್ತಿಗೆ ಅಸಲಿ ಜೀಪು ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಚೆ ಒಂದು ಹಳ್ಳದಲ್ಲಿ ಗಾಲಿ ತೊಳೆದುಕೊಳ್ಳುತ್ತಿತ್ತು.

ಈ ಅಪರಾಧಕ್ಕೆ ಕಾರಣ ನಿಮ್ಮದೇ ಮಾತು. ಆಸ್ಪತ್ರೆಯಿಂದ ಬಂದ ಮೂರನೆಯ ದಿನ ನೀವು ಇವರಿಗೆ ಫೋನ್ ಮಾಡಿ, ಜನವರಿ ಹನ್ನೆರಡಕ್ಕೆ ಗ್ಯಾರೇಜಿನ ರೋಹಿತ ಬರುತ್ತಾನೆ, ಜೀಪು ಕೊಟ್ಟುಬಿಡು, ಬಿಚ್ಚಿ ಬಿಡಿಭಾಗ ಮಾಡಿಕೊಳ್ಳಲಿ ಎಂದಿರಿ. ಇವರು ಯಾಕೆಂದು ಕೇಳಿದರು. ‘ಅದು ಇನ್ನ ಏರು ಹತ್ತೂದಿಲ್ಲೋ ಪವನ. ನಾನೂ ಹತ್ತೂದಿಲ್ಲ,’ ಎಂದಿರಿ. ಸ್ಪೀಕರ್ ಹಾಕಿತ್ತು, ನಾನು ಅಲ್ಲೇ ಹಿಟ್ಟು ನಾದುತ್ತಿದ್ದೆ. ಮೊದಲನೆಯ ವಾಕ್ಯಕ್ಕೆ ನಗಬಹುದಿತ್ತು. ಎರಡನೆಯದನ್ನು ಕೇಳಿ ನನ್ನ ಕೈ ನಿಂತಿತು. ಅದು ಸಾಲದೆಂಬಂತೆ, ಈ ಸಲ ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವುದೂ ಬೇಡ, ಹೂಕುಂಡಗಳಿಗೆ ಏನು ಚರಗ ಎಂದಿರಿ. ಭಾಲ್ಕಿ ಕಡೆಯ ಹೊಲ ಅಣೆಕಟ್ಟಿನ ನೀರಿನಡಿ ಹೋದ ಮೇಲೆ ಪ್ರತಿ ವರ್ಷ ಸನತ್‌ನಗರದ ತಾರಸಿಯ ಮೇಲೆ ಹನ್ನೊಂದು ಕುಂಡಗಳಿಗೆ ಕಾಳು-ಸೊಪ್ಪಿನ ಭಜ್ಜಿ, ಕಡುಬು, ಅಂಬಲಿ ಚೆಲ್ಲಿ, ಊರಿನ ಹೊಲದಲ್ಲಿ ಕೂಗಿದಂತೆಯೇ ಗಂಟಲು ಬಿಟ್ಟು ಕೂಗಿ, ಮೊದಲ ವರ್ಷ ಕಾಲನಿಯವರೆಲ್ಲ ಬೆಂಕಿ ಬಿದ್ದಿತೆಂದು ಹೊರಗೆ ಓಡಿ ಬರುವಂತೆ ಮಾಡಿದವರು ನೀವು. ಅಂಥವರು ಕೂಗು ಬೇಡ ಎಂದರೆ ಸೊಸೆಯಾದವಳು ಏನು ತಿಳಿಯಬೇಕು? ಆ ದಿನವೇ ನಾನು ತೀರ್ಮಾನ ಮಾಡಿದೆ. ಜೀಪು ಏರು ಹತ್ತುತ್ತದೋ ಇಲ್ಲವೋ ಎಂದು ನಿಷ್ಪಕ್ಷಪಾತ ತಪಾಸಣೆಯಾಗಬೇಕು, ಮತ್ತು ಚರಗ ಮಣ್ಣಿನ ಮೇಲೆಯೇ ಬೀಳಬೇಕು. ನೀವು ಮಧ್ಯಾಹ್ನ ಮಲಗಿದಾಗ ಅತ್ತೆ ಫೋನಿನಲ್ಲಿ ಅಡುಗೆ ಹೇಳಿಕೊಟ್ಟರು. ಅವರನ್ನು ವಿಚಾರಣೆಗೆ ಒಳಪಡಿಸಬೇಡಿ.

ಇಪ್ಪತ್ತೆಂಟರ ಬೆಳಗಿನ ಜಾವ ಹೊರಟೆವು. ಸೈನ್ಯದ ಹರಾಜಿನಲ್ಲಿ ಕೊಂಡು, ಹನ್ನೆರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ನೀವು ಎಬ್ಬಿಸಿ ನಿಲ್ಲಿಸಿದ ಗಾಡಿ ಅದು. ನಾಲ್ಕೂ ಗಾಲಿ ಎಳೆಯುವಂಥದ್ದು. ಅದು ಈವರೆಗೆ ಹತ್ತಿದ ಅತಿ ಎತ್ತರದ ಜಾಗ ಮೆಹದಿಪಟ್ಟಣಂ ರೈತು ಬಜಾರಿನ ಮುಂದಿನ ಫುಟ್‌ಪಾತು. ನಿರ್ಮಲ್ ದಾಟಿ ಉಟ್ನೂರಿನ ಕಡೆ ತಿರುಗಿ ಗುಡ್ಡದ ದಾರಿ ಹಿಡಿದ ಮೇಲೆ ಅದರ ದನಿಯೇ ಬೇರೆಯಾಯಿತು. ನಿಮ್ಮ ಚಿರಂಜೀವಿ ಸ್ಟೀರಿಂಗನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಎರಡೂ ಕೈಯಲ್ಲಿ ಹಿಡಿದು, ಪ್ರತಿ ಗುಂಡಿಗೂ ‘ಅಪ್ಪಾ’ ಎನ್ನುತ್ತಿದ್ದರು. ದೇವರ ಬದಲು ನಿಮ್ಮನ್ನು ನೆನೆದರು ಎಂದು ತಿಳಿದುಕೊಳ್ಳಿ. ಡಾಂಬರು ಮುಗಿಯಿತು, ಬಂಡಿಯ ಜಾಡು ಮುಗಿಯಿತು, ಆಮೇಲೆ ಕಲ್ಲುಹಳ್ಳವೇ ದಾರಿ. ಅದನ್ನೂ ದಾಟಿ ಮೇಲಕ್ಕೆ ಬಂದರೆ, ಮಾವನವರೇ, ಆಕಾಶದ ಕೆಳಗೆ ಯಾರೋ ಇನ್ನೊಂದು ನೆಲ ಹಾಸಿಟ್ಟಂತೆ ಬಯಲು. ಬಿಡಿಸಿ ಮುಗಿದ ಹತ್ತಿಯ ಕಟ್ಟಿಗೆ, ತೆನೆ ಹಿಡಿಯುತ್ತಿದ್ದ ಜೋಳ, ತೊಗರಿ, ಕಡಲೆ, ಸುತ್ತ ಸಾಗುವಾನಿ ಕಾಡು, ಎಲ್ಲೋ ಎಂಟು ಮನೆಯ ಒಂದು ವಾಡಿ. ನಾನು ಸೀಟಿನ ಮೇಲೆ ಎದ್ದು ನಿಂತು ಕಿರುಚಿದೆ. ಇವರು ಬ್ರೇಕ್ ಹಾಕಿ, ಏನಾಯಿತು ಎಂದು ಜೀಪಿನ ಕೆಳಗೆ ಬಗ್ಗಿ ನೋಡಿದರು.

ಗುಡಾರ ಹೂಡುವುದನ್ನು ಇವರು ನಮ್ಮ ಹಾಲ್‌ನಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದರು. ಹಾಲ್‌ನಲ್ಲಿ ಬಂಡೆ ಇರಲಿಲ್ಲ. ಗೂಟ ಇಳಿಯಲೊಲ್ಲದೆ ಹಗ್ಗಗಳನ್ನೆಲ್ಲ ಜೀಪಿಗೇ ಕಟ್ಟಿದರು. ಮರುದಿನ ಬೆಳಿಗ್ಗೆ ಚಳಿ ಎಷ್ಟಿತ್ತೆಂದರೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಣ್ಣೆಯಾಗಿತ್ತು. ಎಂಜಿನ್ ಬಿಸಿ ಮಾಡೋಣವೆಂದು ಇವರು ಗಾಡಿ ಚಾಲೂ ಮಾಡಿ, ಹಗ್ಗ ಮರೆತು, ಗೇರ್ ಹಾಕಿದರು. ಗುಡಾರ ನನ್ನನ್ನೂ ಕಂಬಳಿಯನ್ನೂ ಒಳಗಿಟ್ಟುಕೊಂಡು ಸೂರ್ಯೋದಯದ ದಿಕ್ಕಿಗೆ ಪ್ರಯಾಣ ಬೆಳೆಸಿತು. ನಾನು ಸತ್ತವಳಂತೆ ಅಲ್ಲಾಡದೆ ಬಿದ್ದುಕೊಂಡೆ. ಇವರು ಗುಡಾರದ ಬಾಯಿ ತೆಗೆದು ‘ಸಂಪದಾ, ಸಂಪದಾ’ ಎಂದು ಅಳುಮುಖ ಮಾಡುವ ತನಕ ಕಣ್ಣು ತೆಗೆಯಲಿಲ್ಲ. ಅವತ್ತು ಪೂರ್ತಿ ಇವರು ನನ್ನ ಮೇಲೆ ಮುನಿಸಿಕೊಂಡಿದ್ದರು. ಚಹಾ ಮಾತ್ರ ಮಾಡಿಕೊಟ್ಟರು.

ಸೋಮವಾರ ಅಮಾವಾಸ್ಯೆ. ಸ್ಟೋವಿನ ಮೇಲೆ ಭಜ್ಜಿ ಕುದಿಸಿ, ಮನೆಯಿಂದ ತಂದ ಕಡುಬು, ಎಳ್ಳಿನ ಹೋಳಿಗೆ, ಮಣ್ಣಿನ ಮಗಿಯಲ್ಲಿ ಅಂಬಲಿ ಎಲ್ಲ ಸಿದ್ಧ ಮಾಡಿಕೊಂಡು, ಹತ್ತಿರದ ಒಂದು ಹಸಿರು ಕಡಲೆ ಹೊಲಕ್ಕೆ ಹೋದೆವು. ಹೊಲದವರು ಯಾರೂ ಕಾಣಲಿಲ್ಲ. ನಮ್ಮ ಕಡೆ ಆ ದಿನ ಯಾರ ಹೊಲಕ್ಕೆ ಯಾರು ಹೋದರೂ ಕರೆದು ಉಣ್ಣಿಸುತ್ತಾರಲ್ಲ, ಆ ಕಾಯಿದೆ ಗುಡ್ಡದ ಮೇಲೂ ಜಾರಿಯಲ್ಲಿದೆ ಎಂದು ನಾವಿಬ್ಬರೂ ನಂಬಿದ್ದೆವು. ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿ, ಹೊಲದ ನಾಲ್ಕೂ ಮೂಲೆಗೆ ಓಡಾಡಿ ಚರಗ ಚೆಲ್ಲಿದೆ. ಕಂಜೂಸಿತನ ಮಾಡಲಿಲ್ಲ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಅಟ್ಟಣೆಯ ಮೇಲೆ ಮಲಗಿದ್ದವರೊಬ್ಬರು ಎದ್ದರು. ಅರವತ್ತರ ಹೆಂಗಸು, ಕಚ್ಚೆ ಸೀರೆ, ಮೇಲೆ ಗಂಡಸರ ಸ್ವೆಟರು, ಕೈಯಲ್ಲಿ ಕವಣೆ. ಹೊಲದ ಒಡತಿ ಸಾವಿತ್ರಿಬಾಯಿ. ಅವರು ಆಡಿದ್ದು ಮರಾಠಿ, ನಮ್ಮ ಮನೆಯ ಮಾತಿಗೆ ತಿರುಗಿಸಿ ಬರೆಯುತ್ತೇನೆ.

‘ಒಂದ ತಿಂಗಳಾತು ನಾ ಇಲ್ಲೆ ಹಂದಿ ಕಾಯಾಕತ್ತು. ನೀವು ಅವನ್ನ ಊಟಕ್ಕ ಕರಿಯಾಕತ್ತೀರಿ.’

ಕಾಡುಹಂದಿಗೆ ಬೇಯಿಸಿದ್ದರ ವಾಸನೆ ಸಿಕ್ಕರೆ ಸಾಕಂತೆ, ಬಂದು ಅದನ್ನು ಹುಡುಕುವ ನೆಪದಲ್ಲಿ ಇಡೀ ಹೊಲವನ್ನು ಮೂತಿಯಿಂದ ಉಳುತ್ತವಂತೆ. ಕತ್ತಲಾಗುವುದರೊಳಗೆ ಒಂದೊಂದು ತುಣುಕನ್ನೂ ಆರಿಸಬೇಕು ಎಂದರು. ಚೆಲ್ಲಿದ ಚರಗವನ್ನು ಮರಳಿ ಮುಟ್ಟಬಾರದು, ಅದು ಭೂಮಿತಾಯಿಗೆ ಕೊಟ್ಟಾಗಿದೆ ಎಂದು ನಾನು ಶಾಸ್ತ್ರ ತೆಗೆದೆ. ಅವರು ಕವಣೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿ, ‘ಭೂಮಿ ಉಣ್ಣೂಕಿಂತ ಮೊದಲ ಹಂದಿ ಉಣ್ತಾವ. ಆಮ್ಯಾಲ ನನ್ನ ಕಡ್ಲಿ ಉಣ್ತಾವ. ಆರಸ್ರಿ,’ ಎಂದರು. ಆರಿಸಿದೆವು. ನೀವು ನೋಡಬೇಕಿತ್ತು. ನಿಮ್ಮ ಮಗ ಹೊಲವನ್ನು ಸಾಲು ಸಾಲಾಗಿ ಭಾಗ ಮಾಡಿ, ಮುಗಿದ ಸಾಲಿಗೆ ಕಲ್ಲಿಟ್ಟು ಗುರುತು ಹಾಕಿ, ನಾನು ಆರಿಸಿದ ಸಾಲನ್ನು ಮತ್ತೊಮ್ಮೆ ತಪಾಸಣೆ ಮಾಡಿ ಎರಡು ಕಡುಬಿನ ಚೂರು ಹಿಡಿದು ತಂದು ನನ್ನ ಮುಂದೆ ಇಟ್ಟರು. ಅಂಬಲಿ ಬಿದ್ದ ಮಣ್ಣನ್ನು ತಾಟಿನಿಂದ ಕೆರೆದು ತೆಗೆದೆವು. ಎರಡು ತಾಸು. ನನ್ನ ಸೊಂಟ ಈಗಲೂ ನಿಮ್ಮ ಮೊಳಕಾಲಿಗೆ ಸಹಾನುಭೂತಿ ವ್ಯಕ್ತಪಡಿಸುತ್ತಿದೆ.

ಮುಗಿದ ಮೇಲೆ ಬದುವಿನ ಮೇಲೆ ಕೂರಿಸಿ ನೀರು ಕೊಟ್ಟು, ಇದನ್ನು ನಿಮಗೆ ಯಾರು ಕಲಿಸಿದರು, ನಿಮ್ಮ ಹೊಲ ಬಿಟ್ಟು ನನ್ನ ಹೊಲಕ್ಕೆ ಯಾಕೆ ಬಂದಿರಿ ಎಂದು ಕೇಳಿದರು. ಹೊಲ ಇಲ್ಲ, ನಮ್ಮ ಮಾವ ಹನ್ನೊಂದು ಕುಂಡಕ್ಕೆ ಚೆಲ್ಲುತ್ತಾರೆ ಎಂದೆ. ಯಾವ ಯಾವ ಕುಂಡ ಎಂದು ಕೇಳಿದರು. ಕರಿಬೇವು, ಲೋಳೆಸರ, ದಾಸವಾಳ ಎಂದು ಎಣಿಸಿ ಹೇಳಿದೆ. ಲೋಳೆಸರಕ್ಕೆ ಬಂದಾಗ ನಗಲು ಶುರು ಮಾಡಿದವರು ಹನ್ನೊಂದನೆಯ ಕುಂಡಕ್ಕೂ ನಿಲ್ಲಲಿಲ್ಲ. ಮಾವನವರೇ, ಅದು ಕುಹಕದ ನಗೆಯಲ್ಲ. ಕಣ್ಣೊರೆಸಿಕೊಂಡು, ಮಗಿಯಲ್ಲಿ ಏನಾದರೂ ಉಳಿದಿದೆಯೇ ಎಂದರು. ಉಳಿದಿತ್ತು. ಮೇಲೆ ಅವರ ಮನೆಯ ಹಿಂದೆ ಒಂದು ತುಂಡು ಪಾಳು ನೆಲ ಇದೆಯಂತೆ, ನಾಯಿಗಳಿರುವುದರಿಂದ ಅಲ್ಲಿಗೆ ಹಂದಿ ಬರುವುದಿಲ್ಲವಂತೆ. ಅಲ್ಲಿ ಚೆಲ್ಲಿ ಎಂದರು. ಆಮೇಲೆ ಜೀಪಿನ ಕಡೆ ನೋಡಿದರು. ಆ ಏರಿಗೆ ಟ್ರ್ಯಾಕ್ಟರ್ ಬರುವುದಿಲ್ಲ, ಮೇಲಿನ ತುಂಡಿನ ಕಡಲೆ ಪ್ರತಿ ವರ್ಷ ತಲೆಹೊರೆಯ ಮೇಲೆಯೇ ಇಳಿಯುತ್ತದಂತೆ.

‘ಈ ಡಬ್ಬಿ ಹತ್ತತೈತೇನು?’

ಇವರು ನಿಮ್ಮ ಮಾತನ್ನೇ ಹೇಳಿದರು, ಹತ್ತುವುದಿಲ್ಲ ಎಂದು. ನಾನು ಹತ್ತುತ್ತದೆ ಎಂದೆ. ಸಾವಿತ್ರಿಬಾಯಿ ಇಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದಿನ ಸೀಟಿನಲ್ಲಿ ಹೋಗಿ ಕೂತುಬಿಟ್ಟರು. ನಾನು ಹಿಂದೆ ಮಗಿ ಅಪ್ಪಿಕೊಂಡು ಕೂತೆ. ಇವರು ನೀವು ಶೆಡ್ಡಿನಲ್ಲಿ ತೋರಿಸಿಕೊಟ್ಟಿದ್ದಂತೆ ನಾಲ್ಕೂ ಗಾಲಿಗೆ ಬಲ ಕೊಡುವ ಚಿಕ್ಕ ಲಿವರನ್ನು ಹಿಂದಕ್ಕೆ ಎಳೆದು, ಒಂದನೆಯ ಗೇರಿನಲ್ಲಿ, ಬ್ರೇಕ್ ಮುಟ್ಟದೆ ಬಿಟ್ಟರು. ಒಂದು ಗಾಲಿ ಗಾಳಿಯಲ್ಲಿ ತಿರುಗಿತು. ಕಲ್ಲು ಜಾರಿ ಕೆಳಗೆ ಹೋದ ಸದ್ದು ಬಹಳ ಹೊತ್ತು ಕೇಳಿಸಿತು. ನನಗೆ ಹೆದರಿಕೆಯಾಯಿತು, ಇದನ್ನು ಬೇರೆ ಯಾರಿಗೂ ಹೇಳಬೇಡಿ. ಜೀಪು ಮಾತ್ರ ಮುದಿ ಎಮ್ಮೆಯಂತೆ ಉಸಿರು ಬಿಡುತ್ತ, ಅವಸರ ಮಾಡದೆ, ಒಂದೊಂದೇ ಕಲ್ಲನ್ನು ವಿಚಾರಿಸಿಕೊಂಡು ಮೇಲೆ ಹೋಗಿ ನಿಂತಿತು. ಸಾವಿತ್ರಿಬಾಯಿ ಇಳಿದು ಮಡ್‌ಗಾರ್ಡಿನ ಮೇಲೆ ಎತ್ತಿಗೆ ತಟ್ಟಿದಂತೆ ಎರಡು ಸಲ ತಟ್ಟಿದರು.

ಪಾಳು ನೆಲದಲ್ಲಿ ನಾನು ಚೆಲ್ಲಲು ಶುರು ಮಾಡಿದಾಗ ಹಿಂದಿನಿಂದ ‘ಹುಲ್ಲುಲ್ಲಿಗೋ’ ಎಂದು ಚರಗದ ಕೂಗು ಬಂತು. ತಾರಸಿಯ ಮೇಲೆ ಪ್ರತಿ ವರ್ಷ ಕಾಲನಿಯವರಿಗೆ ನಾಚಿ ನೀರಿನ ಟಾಕಿಯ ಹಿಂದೆ ನಿಲ್ಲುವ ನಿಮ್ಮ ಮಗ. ನಾನು ತಿರುಗಿ ನೋಡಿದ್ದು ನೀವೇ ಬಂದಿರೇನೋ ಎಂದು, ದನಿ ಅಷ್ಟು ನಿಮ್ಮದು. ಎದುರಿನ ಗುಡ್ಡ ಅದನ್ನು ಪೂರ್ತಿ ವಾಪಸು ಕಳಿಸಿತು. ಇವರು ಇನ್ನೊಮ್ಮೆ ಕೂಗಿದರು. ಆಮೇಲೆ ಜೀಪಿನ ಮರೆಗೆ ಹೋಗಿ ಸ್ವಲ್ಪ ಹೊತ್ತು ಗಾಲಿಯ ನಟ್ಟು ನೋಡುತ್ತ ಕೂತರು. ಗಾಡಿ ಯಾರದ್ದೆಂದು ಸಾವಿತ್ರಿಬಾಯಿ ಕೇಳಿದಾಗ, ನಮ್ಮಪ್ಪನದು, ಇನ್ನು ಏರು ಹತ್ತೂದಿಲ್ಲ ಅಂತ ಮಾರಿಬಿಡುತ್ತಿದ್ದಾರೆ ಎಂದರು.

‘ಹತ್ತತೈತಿ ಅಂತ ಅವರಿಗೆ ಯಾರೂ ಹೇಳಿಲ್ಲೇನು?’

ಆದ್ದರಿಂದ ಈಗ ಹೇಳುತ್ತಿದ್ದೇನೆ. ಮಾವನವರೇ, ಹತ್ತುತ್ತದೆ.

ಜೀಪನ್ನು ತೊಳೆದು ಶೆಡ್ಡಿಗೆ ಸೇರಿಸಿದ್ದೇವೆ. ಎಡಗಡೆ ಒಂದು ಗೀರು ಬಿದ್ದಿದೆ, ಹೊಣೆ ನನ್ನದು. ಸಹ-ಆರೋಪಿ ಅತ್ತೆಗೆ ನಮಸ್ಕಾರ, ವರ್ಷಾ ಅಕ್ಕನಿಗೆ ನೆನಪು, ಚಹಾ ಕುಡಿದು ಹೋಗುವ ಆ ಹುಡುಗಿಗೆ ನನ್ನ ವಿಶೇಷ ಸಾಂತ್ವನ. ನೀವು ಏನು ಬೈದರೂ ತಲೆಬಾಗಿ ಕೇಳುತ್ತೇನೆ, ನಿಂತುಕೊಂಡು ಬೈಯಿರಿ ಎಂದಷ್ಟೇ ಬೇಡಿಕೆ.

ನಿಮ್ಮ ಪಾದಗಳಿಗೆ, ಅದರಲ್ಲೂ ಎಡಗಾಲಿಗೆ, ನಮಿಸುವ
ಸಂಪದಾ

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯವಾದದ್ದನ್ನೇ ಮರೆತಿದ್ದೆ. ಹನ್ನೆರಡಕ್ಕೆ ರೋಹಿತನಿಗೆ ಜೀಪು ಕೊಡಲು ಬರುವುದಿಲ್ಲ. ಅದರ ಆರ್‌ಸಿ ಪುಸ್ತಕ ಸಾವಿತ್ರಿಬಾಯಿಯ ಮನೆಯ ಪೆಟ್ಟಿಗೆಯಲ್ಲಿದೆ. ಫೆಬ್ರವರಿ ಕೊನೆಗೆ ಕಡಲೆ ರಾಶಿಯಾಗುತ್ತದೆ, ಚೀಲಗಳನ್ನು ಇಳಿಸಲು ಜೀಪೂ ಜೀಪಿನ ಯಜಮಾನರೂ ಬರುತ್ತಾರೆ ಎಂದು ನಿಮ್ಮ ಹೆಸರಿನಲ್ಲಿ ಮಾತು ಕೊಟ್ಟು, ಒತ್ತೆಯಾಗಿ ನಾನೇ ಇಟ್ಟು ಬಂದೆ. ಯಜಮಾನರ ಕೈಗೇ ಕೊಡುತ್ತೇನೆ, ಬೇರೆಯವರಿಗಿಲ್ಲ ಎಂದಿದ್ದಾರೆ. ಅಷ್ಟರೊಳಗೆ ಜೀಪಿನಲ್ಲಿ ಕೂರಬಹುದು ಎಂದು ಡಾಕ್ಟರು ವರ್ಷಾ ಅಕ್ಕನಿಗೆ ಹೇಳಿದ್ದಾರೆ. ಜೀಪು ನಿಲ್ಲುವಲ್ಲಿಂದ ಅವರ ಹೊಸ್ತಿಲಿಗೆ ಸಣ್ಣ ಏರು, ನಲವತ್ತು ಹೆಜ್ಜೆ. ನಿಮ್ಮ ಕುರ್ಚಿಯಿಂದ ಬಾಲ್ಕನಿಗೆ ಹೋಗಿ ಬಂದರೆ ಸರಿಯಾಗಿ ಅಷ್ಟೇ ಆಗುತ್ತದೆ. ಅತ್ತೆ ಎಣಿಸಿದ್ದಾರೆ.