ಮೇಡಂ ಹೊಡೆದು ಹಾಕಿದ ಊಟ

ಮಾರ್ಚ್ 2, ಭಾನುವಾರ

ರೊಟ್ಟಿ ಬಡಿದು, ಬಟ್ಟೆ ಒಣಹಾಕಿ ಈಗ ಕೂತೆ. ಹೋದ ವಾರದ ಹೋಂವರ್ಕ್ ಒಂದೂ ಆಗಿಲ್ಲ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಅನಂತಲಕ್ಷ್ಮಿ ಮೇಡಂದು ಒಂದೇ ಹಟ — ದಿನಕ್ಕೊಂದು ಜೋಡಿ ಪದದ ಫ್ರೇಸಲ್ ವರ್ಬ್, ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಬೇಕು. ಗಾರ್ಮೆಂಟ್ಸ್‌ನಲ್ಲಿ ಓಟಿ ಮಾಡಿ ಬಂದವಳಿಗೆ ಯಾವುದು ನೆನಪಿರುತ್ತದೆ? ಏಳು ದಿನದ್ದನ್ನೂ ಸುಳ್ಳೇ ಕಟ್ಟಿ ಬರೆದೆ. ಸೋಮವಾರ ಹಾಲು ‘ಬಾಯ್ಲ್ಡ್ ಓವರ್’. ಮಂಗಳವಾರ ಗ್ಯಾಸ್ ‘ರ್ಯಾನ್ ಔಟ್’. ಬುಧವಾರ ಬೆಳಿಗ್ಗೆ 6ಕ್ಕೆ ಮನೆ ಓನರ್ ಶಿವಬಸಪ್ಪ ‘ಟರ್ನ್ಡ್ ಅಪ್’. ಭಾನುವಾರಕ್ಕೆ ಗಂಡನನ್ನೇ ಹಾಕಿದೆ — ‘ಫಕೀರೇಶ್ ಡಿಡ್ ನಾಟ್ ಕಮ್ ಬ್ಯಾಕ್ ಫಾರ್ ಲಂಚ್.’ ಡೆಲಿವರಿ ಕೆಲಸದವರಿಗೆ ಮಧ್ಯಾಹ್ನ ಊಟ ಎಲ್ಲಿ... ಪುಟದ ಫೋಟೊ ಮೇಡಂಗೆ ವಾಟ್ಸಾಪ್ ಮಾಡಿದೆ.

ಮಾರ್ಚ್ 3, ಸೋಮವಾರ

ಮೇಡಂ ಪ್ರಿಂಟ್ ತೆಗೆದು ಕೆಂಪು ಶಾಯಿಯಲ್ಲಿ ತಿದ್ದಿದ ಪುಟದ ಫೋಟೊ ವಾಪಸ್ ಬಂತು. ಏಳಕ್ಕೂ ಕೆಂಪು ಟಿಕ್! ನನ್ನ 6 ಅವರಿಗೆ 8 ಎಂದು ಕಂಡಿದೆ. ಅಕ್ಷರದಲ್ಲಿ ‘ಎಯ್ಟ್’ ಎಂದು ತಿದ್ದಿದ್ದಾರೆ. ಕೊನೆಯ ವಾಕ್ಯದಲ್ಲಿ ‘ಫಾರ್ ಲಂಚ್’ ಹೊಡೆದು ಹಾಕಿದ್ದಾರೆ. ವಾಕ್ಯ ಚಿಕ್ಕದಿರಬೇಕಂತೆ.

ಅದನ್ನೇ ನೋಡುತ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ. ನಗು ಬಂತು.

ಮಾರ್ಚ್ 5, ಬುಧವಾರ, ಬೆಳಿಗ್ಗೆ 8.10

ನಿನ್ನೆ ಗ್ಯಾಸ್ ಮುಗಿಯಿತು. ಇಂದು ಓನರ್ ಬಂದರು. ಸರಿಯಾಗಿ ಎಂಟಕ್ಕೆ.

“ಆರಕ್ಕೇ ಹೊರಟೆ ಕಣಮ್ಮ. ಗೇಟ್ ಹತ್ರಾನೇ ನಿಂತಿದ್ದೆ. ಯಾಕೋ ಒಳಗೆ ಬರಕ್ಕೇ ಆಗ್ಲಿಲ್ಲ.”

ಬೆವರುತ್ತಿದ್ದರು. ಅವರು ಹೋದ ಮೇಲೆ ಮೇಡಂ ತಿದ್ದಿದ ಆ ‘ಎಯ್ಟ್’ ಅನ್ನು ಮತ್ತೆ ತೆಗೆದು ನೋಡಿದೆ.

ಮಾರ್ಚ್ 8, ಶನಿವಾರ

ಗುರುವಾರದ್ದು, ಶುಕ್ರವಾರದ್ದು, ಇವತ್ತಿನದು — ಎಲ್ಲ ಬರೆದಂತೆಯೇ ಆಯಿತು. ಉಳಿದದ್ದು ನಾಳೆಯದೊಂದೇ: ‘ಫಕೀರೇಶ್ ಡಿಡ್ ನಾಟ್ ಕಮ್ ಬ್ಯಾಕ್.’

‘ಫಾರ್ ಲಂಚ್’ ಅಂತ ನನ್ನ ಪುಟದಲ್ಲಿ ನೀಲಿ ಪೆನ್ನಿನಿಂದ ಮತ್ತೆ ಬರೆದೆ. ಏನು ಉಪಯೋಗ? ನಡೆಯುವುದು ಕೆಂಪು ಶಾಯಿಯ ಮಾತು. ಮೇಡಂಗೆ ಫೋನ್ ಮಾಡಿದೆ.

“ಮೇಡಂ, ಆ ಎರಡು ಪದ ವಾಪಸ್ ಸೇರಿಸ್ರೀ. ಕೈ ಮುಗೀತೀನ್ರಿ.”

“ಯಾಕಮ್ಮ ಅಳ್ತಿದೀರ? ಬರೆದಿರೋದು ಸರಿಯಾಗೇ ಇದೆಯಲ್ಲ. ಸರಿ ಇರೋದನ್ನ ನಾನು ಮತ್ತೆ ಮುಟ್ಟಲ್ಲ.”

ಸುಳ್ಳು ಬರೆದೆ ಎಂದು ಹೇಳದೆಯೇ ಫೋನ್ ಇಟ್ಟೆ. ಹಾಳಾದ ನಾಚಿಕೆ!

ಮಾರ್ಚ್ 9, ಭಾನುವಾರ, 11.30

ಬೈಕಿನ ಕೀಲಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ.

“ಇವತ್ತೊಂದಿನ ಹೋಗಬ್ಯಾಡ್ರಿ.”

“ಸಂಡೇ ಆರ್ಡರ್ ಯಾರ್ ಬಿಡ್ತಾರ? ಏನಾಗೇತಿ ನಿನಗ?”

ಹೇಳಿದೆ. ಎಲ್ಲ ಹೇಳಿದೆ. ತಲೆ ಸವರಿ ನಕ್ಕರು. “ಊಟಕ್ಕ ಬರ್ತೀನಿ ತಗೋ, ಮೇಡಂ ತಿದ್ದಿದ್ದು ಸುಳ್ಳಾಗ್ಲಿ.” ಪಕ್ಕದ ಮನೆ ಮರೆಪ್ಪನ ಸ್ಕೂಟರ್ ಇಸಿದುಕೊಂಡು ಹೋದರು. ಕೆಂಗೇರಿ ಕಡೆ ಆರ್ಡರ್ ಅಂತೆ.

3.40

ತಟ್ಟೆ ಹಾಗೇ ಇದೆ. ಅವರ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ಎರಡು ಪದ. ಬರೀ ಎರಡು ಪದ ಉಳಿಸಿದ್ದರೆ ಸಂಜೆಗಾದರೂ ಬರುತ್ತಿದ್ದರು.

5.15

ಗೇಟಿನ ಸದ್ದು. ಮರೆಪ್ಪನ ಸ್ಕೂಟರಿನ ಸದ್ದಿಲ್ಲ. ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ. ಬಾಗಿಲು ತಟ್ಟುತ್ತಿದ್ದಾರೆ.

“ಅಕ್ಕಾ, ಫಕೀರೇಶ್ ಅವರ ಮನೆ ಇದೇನಾ?”

ಏಳುವುದಿಲ್ಲ. ಇದನ್ನು ಬರೆಯುತ್ತಲೇ ಇರುತ್ತೇನೆ. ಬರೆಯುತ್ತಿರುವವರೆಗೂ ನಮ್ಮವರು ದಾರಿಯಲ್ಲೇ